ಬರುವ ಮುಂಚೆ ಬರುವ ಸಪ್ಪಳ

ಲೆಹ್ತೊವಾರ
ನವೆಂಬರ್ ೧೪, ೧೯೯೩, ಭಾನುವಾರ

ಪ್ರೀತಿಯ ಮೈರಕ್ಕಾ,

ಮೊನ್ನೆ ಫೋನಿನಲ್ಲಿ ನೀನು "ಎನ್ಸಿಯೊ ಹೇಗಿದಾನೆ, ಮನೆಗೆ ಹೊಂದ್ಕೊಂಡ್ನಾ?" ಎಂದು ಕೇಳಿದೆ. ನಾನು "ಹೂಂ, ಚೆನ್ನಾಗಿದಾನೆ" ಎಂದು ಹೇಳಿ ನಿಮ್ಮೂರಿನ ಮಳೆಯ ಮಾತಿಗೆ ಹಾರಿದೆ. ಫೋನು ಅಡುಗೆಮನೆಯ ಗೋಡೆಗಿದೆ. ಅವನು ಅದರ ಕೆಳಗೇ ಕೂತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. ಇನ್ನೇನು ಹೇಳಲಿ? ಅದಕ್ಕೇ ಈ ಕಾಗದ. ಓದುತ್ತಾ ನಗಬೇಡ. ನಗಲೇಬೇಕು ಅನ್ನಿಸಿದರೆ ಪೂರ್ತಿ ಓದಿದ ಮೇಲೆ ನಗು.

ಅಕ್ಕಾ, ನನ್ನ ಗಂಡ ಲೆಬನಾನಿನಿಂದ ಇನ್ನೂ ಮನೆಗೆ ಬಂದಿಲ್ಲ.

ಮೇ ತಿಂಗಳಲ್ಲೇ ಬಂದ ಎನ್ನುವುದು ನನಗೂ ಗೊತ್ತು. ನನ್ನ ಎದುರಿಗೇ ಕೂತು ಊಟ ಮಾಡುತ್ತಾನೆ, ನನ್ನ ಪಕ್ಕದಲ್ಲೇ ಮಲಗುತ್ತಾನೆ, ಗೊರಕೆ ಕೂಡ ಹಳೆಯದೇ. ಆದರೆ ನಮ್ಮ ಸೀಮೆಯಲ್ಲಿ ಬರೀ ಮೈ ಬಂದರೆ ಮನೆಗೆ ಬಂದ ಹಾಗಲ್ಲ. ನೀನು ಸಮುದ್ರದಾಚೆ ಗೋಥೆನ್‌ಬರ್ಗಿಗೆ ಹೋಗಿ ಕಾರು ಕಾರ್ಖಾನೆಯವನನ್ನು ಮದುವೆಯಾದ ಮೇಲೆ ಮುನ್ಸಪ್ಪಳವನ್ನು ಮರೆತಿರಬಹುದು, ಜ್ಞಾಪಿಸುತ್ತೇನೆ. ಅಪ್ಪ ಕಾಡಿನಿಂದ ಬರುವ ಮುಂಚೆ ಅಂಗಳದಲ್ಲಿ ಅವನ ಸ್ಕೀ ಗೋಡೆಗೆ ಒರಗಿದ ಸದ್ದಾಗುತ್ತಿತ್ತು, ಅವನ ಕೆಮ್ಮೂ ಕೇಳುತ್ತಿತ್ತು. ನಾವಿಬ್ಬರೂ ಓಡಿಹೋಗಿ ಕಿಟಕಿಯಲ್ಲಿ ನೋಡಿದರೆ ಅಂಗಳ ಖಾಲಿ. ಅಮ್ಮ ಮಾತಾಡದೆ ಕಾಫಿ ಪಾತ್ರೆ ಒಲೆಗೇರಿಸುತ್ತಿದ್ದಳು. ಕಾಫಿ ಇಳಿಸಿ ಗಸಿ ಕೂರುವ ಹೊತ್ತಿಗೆ ಅಪ್ಪ ನಿಜವಾಗಿ ಬರುತ್ತಿದ್ದ, ಅದೇ ಸ್ಕೀ, ಅದೇ ಕೆಮ್ಮು. ಮನುಷ್ಯನಿಗಿಂತ ಮೊದಲು ಅವನ ಮನೆಯ ಆಸೆ ಬಂದು ತಲುಪುತ್ತದೆ, ಮೈ ಹಿಂದಿನಿಂದ ಬರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಮುನ್ಸಪ್ಪಳಕ್ಕೆ ಬಾಗಿಲು ತೆಗೆಯಬಾರದು, ತೆಗೆದರೆ ಹಿಂದೆ ಬರುವವನಿಗೆ ದಾರಿ ತಪ್ಪುತ್ತದೆ. ಕಾಫಿಗಿಟ್ಟು ಕಾಯಬೇಕು, ಅಷ್ಟೇ.

ಎನ್ಸಿಯೊನ ಮುನ್ಸಪ್ಪಳ ಈ ಮನೆಯಲ್ಲಿ ಎಂದೂ ತಪ್ಪಿದ್ದಿಲ್ಲ. ಅವನು ಲೈನ್‌ಮನ್ ಅಲ್ಲವೇ? ಕಂಬ ಹತ್ತುವ ಕಬ್ಬಿಣದ ಕೊಕ್ಕೆಗಳನ್ನು ಬಾಗಿಲ ಹೊರಗಿನ ಮೊಳೆಗೆ ತಗುಲಿಸಿ ಒಳಗೆ ಬರುವುದು ಅವನ ರೂಢಿ. ಮೊದಲು ಮೊಳೆಯ ಮೇಲೆ ಠಣ್ ಎನ್ನುವ ಸದ್ದು, ಆಮೇಲೆ ಬಾಗಿಲ ಕಂಬಕ್ಕೆ ಬೂಟಿನಿಂದ ಎರಡು ಒದೆ. ಬೇಸಿಗೆಯಲ್ಲೂ ಒದೆಯುತ್ತಾನೆ, ಹಿಮ ಇರಬೇಕೆಂದೇನೂ ಇಲ್ಲ. ನಾಯಿ ಎದ್ದು ಬಾಲ ಅಲ್ಲಾಡಿಸುತ್ತಾ ಬಾಗಿಲಿಗೆ ಹೋಗುತ್ತಿತ್ತು, ನಾನು ಕಾಫಿಗಿಡುತ್ತಿದ್ದೆ. ಹದಿನಾರು ವರ್ಷದ ಸಂಸಾರದಲ್ಲಿ ಅವನು ಬಂದಾಗ ಕಾಫಿ ಸಿದ್ಧವಿಲ್ಲದೆ ಹೋಗಿದ್ದು ಒಂದೇ ಸಲ. ಅವನು ಲೆಬನಾನಿನಿಂದ ಬಂದ ದಿನ.

ಅವನು ಯಾಕೆ ಹೋದ ಎಂದು ನಿನಗೆ ಸರಿಯಾಗಿ ಹೇಳಿರಲಿಲ್ಲ. ಹೋದ ವರ್ಷ ಕರೆಂಟ್ ಕಂಪನಿಯವರು ಕೆಲಸದವರನ್ನು ಕಡಿಮೆ ಮಾಡುತ್ತಿದ್ದರು. ಊರಲ್ಲಿ ಅರ್ಧ ಗಂಡಸರು ಮನೆಯಲ್ಲೇ ಕೂತಿದ್ದರು. ಆಗಲೇ ಲೆಬನಾನಿನ ಶಾಂತಿಪಾಲನೆಯ ಪಡೆಗೆ ಮೀಸಲು ಪಟ್ಟಿಯವರು ಬೇಕು ಎಂಬ ಸುದ್ದಿ ಬಂತು. ಹತ್ತೊಂಬತ್ತರ ವಯಸ್ಸಿನಲ್ಲಿ ಎಲ್ಲರ ಹಾಗೆ ಕಡ್ಡಾಯದ ಸೈನ್ಯಸೇವೆಗೆ ಹೋಗಿ ಬಂದೂಕು ಹಿಡಿದು ಬಂದವನು ಅವನೂ. ಆಮೇಲೆ ಮೀಸಲು ಪಟ್ಟಿಯಲ್ಲಿ ಹೆಸರು, ಅಷ್ಟೇ. ಕಳುಹಿಸಿಕೊಡುವ ದಿನ ಒಬ್ಬ ದೊಡ್ಡ ಅಧಿಕಾರಿ ಭಾಷಣ ಮಾಡಿದ. ಬೇರೆ ದೇಶದವರು ಬರೀ ಸಿಪಾಯಿಗಳನ್ನು ಕಳಿಸುತ್ತಾರೆ, ನಾವು ಒಂದು ಊರನ್ನೇ ಕಳಿಸುತ್ತೇವೆ ಎಂದ. ನಮ್ಮ ಪಡೆಯಲ್ಲಿ ಬಡಗಿ ಇದ್ದಾನೆ, ಬ್ರೆಡ್ ಸುಡುವವನಿದ್ದಾನೆ, ಮೇಷ್ಟ್ರಿದ್ದಾರೆ, ಲೈನ್‌ಮನ್ ಇದ್ದಾನೆ, ವರ್ಷವಿಡೀ ಸಂಬಳ ಕೊಟ್ಟು ಸಾಕುವ ಸೈನ್ಯಕ್ಕಿಂತ ಖರ್ಚೂ ಕಡಿಮೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಊರನ್ನು ತೆಗೆದುಕೊಂಡು ಹೋದವರು ಊರನ್ನು ವಾಪಸ್ ತಂದು ಇಡುವುದು ಹೇಗೆ ಎಂದು ಕೇಳುವ ಬುದ್ಧಿ ಯಾರಿಗೂ ಹೊಳೆಯಲಿಲ್ಲ.

ಮೊದಮೊದಲು ಅವನ ಕಾಗದಗಳು ಖುಷಿಯಾಗಿಯೇ ಬರುತ್ತಿದ್ದವು. ಗುಡ್ಡದ ಮೇಲೆ ಒಂದು ಕಾವಲು ಠಾಣೆ, ಸುತ್ತ ಗೋಡೆ, ಕಬ್ಬಿಣದ ತಗಡಿನ ಗೇಟು, ಕೆಳಗೆ ಹಳ್ಳಿ. ಎರಡೂ ಕಡೆಯವರ ಗುಂಡು ಹಳ್ಳಿಯ ತಲೆಯ ಮೇಲಿಂದ ಹಾರುತ್ತಿತ್ತು, ಕೆಲವು ಸಲ ತಲೆಯ ಮೇಲೇ ಬೀಳುತ್ತಿತ್ತು. ಇವರು ಶಾಂತಿಪಾಲಕರ ನೀಲಿ ಟೋಪಿ ಹಾಕಿಕೊಂಡು ನಡುವೆ ನಿಲ್ಲಬೇಕು. ಒಂದು ದಿನ ಹಳ್ಳಿಗೆ ಕರೆಂಟ್ ತರುವ ತಂತಿ ಹರಿಯಿತಂತೆ. ಎನ್ಸಿಯೊ ಯಾರನ್ನೂ ಕೇಳದೆ ಕಂಬ ಹತ್ತಿ ಜೋಡಿಸಿ ಬಂದ. ಅಂದಿನಿಂದ ಉಮ್ ಸಲೀಂ ಎಂಬ ಮುದುಕಿ ಪ್ರತಿ ಸಂಜೆ ಗುಡ್ಡ ಹತ್ತಿ ಬಂದು, ಬೆಟ್ಟದ ಸೊಪ್ಪಿನ ಪುಡಿ, ಎಳ್ಳು ಉದುರಿಸಿದ ರೊಟ್ಟಿಯನ್ನು ಗೇಟಿನಲ್ಲಿ ಕೊಟ್ಟು, ಇವರ ಕಾಫಿ ಕುಡಿದು ಹೋಗುವುದು ಶುರುವಾಯಿತು. ಗೇಟಿನ ಹತ್ತಿರ ಬಂದ ಕೂಡಲೇ ಚಪ್ಪಲಿ ಬಿಡುತ್ತಿದ್ದಳಂತೆ. ಬೇಡ ಅಂದರೂ ಕೇಳುವುದಿಲ್ಲ, ಇದೂ ಒಂದು ಮನೆಯೇ ಅನ್ನುತ್ತಾಳೆ ಎಂದು ಬರೆದಿದ್ದ. ಒಂದು ಕಾಗದದಲ್ಲಿ, "ಇರ್ಯಾ, ಇಲ್ಲಿ ನಿನಗೊಬ್ಬಳು ಸವತಿ ಸಿಕ್ಕಿದ್ದಾಳೆ, ಎಪ್ಪತ್ತು ದಾಟಿದೆ, ಹಲ್ಲಿಲ್ಲ, ಕಾಫಿಗೆ ನಾಲ್ಕು ಸಕ್ಕರೆ ಬೇಕು" ಎಂದು ಬರೆದಿದ್ದ. ನಾನು ಅದನ್ನು ನಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ ನಗಿಸಿದ್ದೆ.

ಫೆಬ್ರವರಿಯಿಂದ ಆ ಮುದುಕಿಯ ಮಾತು ಕಾಗದದಲ್ಲಿ ನಿಂತುಹೋಯಿತು. ಹವೆ ಚೆನ್ನಾಗಿದೆ, ಊಟ ಚೆನ್ನಾಗಿದೆ, ಇಷ್ಟೇ. ನಾನೂ ಅದರ ಬಗ್ಗೆ ಯೋಚಿಸಲಿಲ್ಲ.

ಮೇ ತಿಂಗಳಲ್ಲಿ ಬಟ್ಟೆ, ಬೂಟು, ಬಂದೂಕು ಎಲ್ಲ ಒಪ್ಪಿಸಿ, ಕೈಕುಲುಕಿಸಿಕೊಂಡು, ರೈಲಿನಲ್ಲಿ ಕಾಯಾನಿ ಪೇಟೆಗೆ ಬಂದು ಅಲ್ಲಿಂದ ಬಸ್ಸು ಹಿಡಿದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಹಾಗೆ ಅಲ್ಲಿಗೆ ಅವರ ಕೆಲಸ ಮುಗಿಯಿತು. ಖಾಯಂ ಸಿಪಾಯಿಯಾದರೆ ತನ್ನಂಥವರ ನಡುವೆಯೇ ಬ್ಯಾರಕ್ಕಿಗೆ ಹೋಗುತ್ತಾನೆ, ಅಲ್ಲಿ ಅವನಿಗೆ ಡಾಕ್ಟರೂ ಇದ್ದಾನೆ, ಜೊತೆಗೆ ಕೂತು ಸುಮ್ಮನಿರುವವರೂ ಇದ್ದಾರೆ. ಇವನು ಬಂದಿದ್ದು ನನ್ನ ಹತ್ತಿರಕ್ಕೆ, ಎಂಬತ್ತರ ಅತ್ತೆಯ ಹತ್ತಿರಕ್ಕೆ, ಒಂದು ನಾಯಿಯ ಹತ್ತಿರಕ್ಕೆ. ಅವನು ಬಾಗಿಲು ತೆಗೆದು ಒಳಗೆ ನಿಂತಾಗ ನಾನು ಮೀನು ಹೆರೆಯುತ್ತಿದ್ದೆ. ಠಣ್ ಇಲ್ಲ, ಒದೆ ಇಲ್ಲ, ಕಾಫಿ ಇಲ್ಲ. ಕೈಯಲ್ಲಿ ಠಾಣೆಯ ಮಸಿ ಹಿಡಿದ ಕಾಫಿ ಪಾತ್ರೆಯೊಂದಿತ್ತು. ಅತ್ತೆ ಅವನನ್ನು ನೋಡಿ, "ಏನೋ ಮಗಾ, ಹೇಳ್ದೆ ಕೇಳ್ದೆ ಬಂದುಬಿಟ್ಟೆ" ಎಂದರು. ಬರುವ ದಿನವನ್ನು ಅವನು ಕಾಗದದಲ್ಲಿ ಬರೆದಿದ್ದ. ಅತ್ತೆ ಹೇಳಿದ್ದು ಅದನ್ನಲ್ಲ.

ನಾನು ಗಡಿಬಿಡಿಯಲ್ಲಿ ಕಾಫಿಗಿಟ್ಟೆ. ಅವನು ಬೇಡ ಅಂದ. ನಮ್ಮ ಕಾಯ್ನು ಸೀಮೆಯ ಗಂಡಸು ಕಾಫಿ ಬೇಡ ಅಂದರೆ ಬೇರೆ ದಿನವಾಗಿದ್ದರೆ ಪಾದ್ರಿಗೆ ಹೇಳಿಕಳಿಸುತ್ತಿದ್ದೆ, ಅಂದು ಪ್ರಯಾಣದ ಸುಸ್ತು ಎಂದುಕೊಂಡೆ. ಅವತ್ತೇ ಸಂಜೆ, ರೇಡಿಯೊದಲ್ಲಿ ವಾರ್ತೆ ಮುಗಿಯುವ ಹೊತ್ತಿಗೆ, ನಾವು ಮೂವರೂ ಮೇಜಿನ ಮುಂದೆ ಕೂತಿರುವಾಗಲೇ, ಹೊರಗಿನ ಮೆಟ್ಟಿಲು ಹತ್ತುವ ಹೆಜ್ಜೆಯ ಸಪ್ಪಳ ಕೇಳಿಸಿತು.

ನಮ್ಮ ಕಿಟಕಿಯಿಂದ ಮೆಟ್ಟಿಲು ಕಾಣುತ್ತದೆ ಎನ್ನುವುದು ನಿನಗೆ ಗೊತ್ತು. ಮೇ ತಿಂಗಳು, ಸಂಜೆಯಾದರೂ ಹೊರಗೆ ಹಾಡುಹಗಲಿನ ಬೆಳಕು. ಮೆಟ್ಟಿಲು ಬರಿದಾಗಿತ್ತು. ಸಪ್ಪಳ ಒಂದೊಂದೇ ಹಲಗೆ ಹತ್ತಿ ಬಾಗಿಲ ಮುಂದೆ ನಿಂತಿತು. ಅತ್ತೆಗೆ ಕಿವಿ ಮಂದ, ಫೋನು ಹೊಡೆದುಕೊಂಡರೂ ಕೇಳಿಸುವುದಿಲ್ಲ. ಆದರೂ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಎನ್ಸಿಯೊನ ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಸೌದೆ ಒಡೀಬೇಕು ಎಂದು ಗೊಣಗಿ ಹಿಂಬಾಗಿಲಿನಿಂದ ಹೋದ. ಅವನು ಹೋದ ಮೇಲೆ ಅತ್ತೆ, "ಯಾರು ಬರೋದಿದೆ?" ಎಂದು ನನ್ನನ್ನು ಕೇಳಿದರು.

ಅಂದಿನಿಂದ ಒಂದು ಸಂಜೆಯೂ ತಪ್ಪಿಲ್ಲ. ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಮೈ ಮೊದಲು ಬಂದುಬಿಟ್ಟಿದೆ, ಮನೆಯ ಆಸೆ ಇನ್ನೂ ದಾರಿಯಲ್ಲಿದೆ. ಲೆಬನಾನು ದೂರ, ನಡೆದು ಬರಬೇಕಲ್ಲ. ದಿನಾ ಬಾಗಿಲ ತನಕ ಬಂದು ಒಳಗೆ ಬರಲು ಧೈರ್ಯವಾಗದೆ ನಿಲ್ಲುತ್ತಿದೆ. ಅತ್ತೆಯೂ ತಲೆಯಾಡಿಸಿದರು. ಹಾಗಾಗಿ ಪ್ರತಿ ಸಂಜೆ ಸಪ್ಪಳವಾದ ಕೂಡಲೇ ಠಾಣೆಯಿಂದ ತಂದ ಅದೇ ಪಾತ್ರೆಯಲ್ಲಿ ಕಾಫಿಗಿಟ್ಟು ನನ್ನ ಗಂಡನ ಉಳಿದ ಭಾಗಕ್ಕಾಗಿ ಕಾಯುತ್ತಿದ್ದೆ. ಕಾಫಿಯ ವಾಸನೆ ಎದ್ದ ಕೂಡಲೇ ಮನೆಯಲ್ಲಿದ್ದ ಭಾಗ ಸೌದೆಮನೆಗೆ ಓಡುತ್ತಿತ್ತು. ಈಗ ನಮ್ಮಲ್ಲಿ ಮೂರು ಚಳಿಗಾಲಕ್ಕಾಗುವಷ್ಟು ಸೌದೆಯಿದೆ ಅಕ್ಕಾ, ನಿನಗೆ ಬೇಕಾದರೆ ಹಡಗಿನಲ್ಲಿ ಕಳಿಸುತ್ತೇನೆ.

ಕೆಲಸಕ್ಕೆ ವಾಪಸ್ ಹೋದ. ಕಂಬ ಹತ್ತಲಾರೆ, ಕೈ ನಡುಗುತ್ತದೆ ಅಂದ. ಗೋದಾಮಿನಲ್ಲಿ ತಂತಿ ಅಳೆಯಲು ಕೂರಿಸಿದರು. ಕೊಕ್ಕೆಗಳು ಮೊಳೆಯ ಮೇಲೆ ತೂಗಿಕೊಂಡೇ ತುಕ್ಕು ಹಿಡಿದವು. ಊರಿನ ಆಸ್ಪತ್ರೆಗೆ ನಾನೇ ಎಳೆದುಕೊಂಡು ಹೋದೆ. ಹುಡುಗಿಯಂಥ ಡಾಕ್ಟರು, ಒಳ್ಳೆಯವಳೇ. ನಿದ್ದೆ ಬರುತ್ತಾ ಎಂದು ಕೇಳಿದಳು, ಬರುತ್ತೆ ಅಂದ. ಯಾವಾಗಿನಿಂದ ಹೀಗೆ ಎಂದು ಕೇಳಿದಳು, ಹೀಗೆ ಅಂದರೆ ಹೇಗೆ ಅಂದ. ಅವಳು ನನ್ನ ಕಡೆ ನೋಡಿದಳು. ದಿನಾ ಸಂಜೆ ಖಾಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸುತ್ತದೆ ಎಂದು ಹೇಳಿದರೆ ಮಾತ್ರೆ ಬರೆಯುವುದು ನನಗೇ ಎಂದು ಬಾಯಿ ಮುಚ್ಚಿಕೊಂಡೆ.

ಹೀಗಿರುವಾಗ ಎರಡು ವಾರದ ಹಿಂದೆ ಮೀಸಲು ಕಚೇರಿಯಿಂದ ಮತ್ತೆ ಕರೆ ಬಂತು. ಹೊಸ ವರ್ಷಕ್ಕೆ ಇನ್ನೊಂದು ತಂಡ ಹೋಗುತ್ತದೆ, ಒಮ್ಮೆ ಹೋಗಿ ಬಂದವರಿಗೆ ಮೊದಲ ಆದ್ಯತೆ, ಬರುವುದಾದರೆ ನಾಳೆ ಸೋಮವಾರದೊಳಗೆ ಫೋನ್ ಮಾಡಿ ತಿಳಿಸಬೇಕು. ನನ್ನ ಹತ್ತಿರ ಎಲ್ಲ ವಿಷಯಕ್ಕೂ "ನೋಡೋಣ" ಎನ್ನುವವನು ಇದಕ್ಕೆ ಮಾತ್ರ ಕಡ್ಡಿ ಮುರಿದ ಹಾಗೆ "ಹೋಗ್ತೀನಿ" ಅಂದ. ಒಂದು ಸಲ ಹೋದವನ ಅರ್ಧ ಇನ್ನೂ ಬಂದಿಲ್ಲ. ಇನ್ನೊಂದು ಸಲ ಹೋದರೆ ನನಗೆ ಉಳಿಯುವುದೇನು?

ಆ ವಾರವೇ ಹಿಮ ಬಿದ್ದು ನೆಲದ ಮೇಲೆ ಕೂತಿತು. ಸಂಜೆ ಸಪ್ಪಳ ಬಂತು. ಹೊಸ ಹಿಮದ ಮೇಲೆ ಒಂದು ಗುರುತೂ ಬೀಳಲಿಲ್ಲ, ಕರ್ ಕರ್ ಎನ್ನಲೂ ಇಲ್ಲ. ಮರದ ಮೇಲೆ ಬೀಳುವ ಹೆಜ್ಜೆಯೂ ಅದಲ್ಲ, ಒಣ ನೆಲದ ಕಲ್ಲಿನ ಮೇಲೆ ನಡೆದ ಹಾಗಿತ್ತು. ಅತ್ತೆ ಒಲೆಯ ಪಕ್ಕದ ತಮ್ಮ ಬೆಂಚಿನಲ್ಲಿ ಕೂತು ಕಾಲ್ಚೀಲ ಹೆಣೆಯುತ್ತಿದ್ದವರು ಸೂಜಿ ನಿಲ್ಲಿಸಿ ಕಿವಿಗೊಟ್ಟರು.

"ಇರ್ಯಾ, ಇದು ನನ್ನ ಮಗನ ನಡೆ ಅಲ್ಲ ಕಣೇ" ಎಂದರು.

ಮತ್ಯಾರದು ಎಂದು ಕೇಳಿದೆ.

"ಅವನು ಬಾಗಿಲಿಗೆ ಒದೀತಾನೆ. ಇದು ಕಾಲಲ್ಲಿರೋದನ್ನ ಹೊರಗೇ ಬಿಡ್ತಾ ಇದೆ, ಸರಿಯಾಗಿ ಕೇಳು. ಮೊದ್ಲು ಒಂದು, ಆಮೇಲೆ ಇನ್ನೊಂದು. ಈ ಹಿಮದಲ್ಲಿ ಹೊರಗಡೆ ಚಪ್ಪಲಿ ಬಿಡೋ ಮನುಷ್ಯರು ಯಾರು? ಅದೂ ಅಲ್ದೆ, ಇದು ಹೆಂಗಸಿನ ನಡೆ."

ನಾನು ನಾಯಿಯ ಕಡೆ ನೋಡಿದೆ. ಇಷ್ಟು ತಿಂಗಳು ಕಣ್ಣೆದುರಿಗೇ ಇದ್ದರೂ ಗಮನಿಸಿರಲಿಲ್ಲ. ಅದು ಬಾಲ ಅಲ್ಲಾಡಿಸುತ್ತಿರಲಿಲ್ಲ, ಬೊಗಳುತ್ತಲೂ ಇರಲಿಲ್ಲ. ಮನೆಗೆ ಹೊಸಬರು ಬಂದಾಗ ನಿಲ್ಲುವ ಹಾಗೆ ಎದ್ದು, ಗೋಡೆಗೆ ಸರಿದು, ದಾರಿ ಬಿಟ್ಟು ನಿಂತಿತ್ತು.

ಹೆಂಗಸಿನ ನಡೆ ಎಂದ ಕೂಡಲೇ ನನ್ನ ತಲೆ ಎತ್ತ ಹೋಯಿತು ಎಂದು ಹೇಳಲು ನಾಚಿಕೆ. ಆದರೆ ನೀನು ನನ್ನ ಅಕ್ಕ. ಗಂಡ ಒಂದು ವರ್ಷ ಹೊರಗಿದ್ದ, ವಾಪಸ್ ಬಂದ ಮೇಲೆ ಮುಖ ಕೊಟ್ಟು ಮಾತಾಡಿಲ್ಲ, ಮತ್ತೆ ಅಲ್ಲಿಗೇ ಹೋಗಲು ಕುಣಿಯುತ್ತಾನೆ, ಬಾಗಿಲಿಗೆ ದಿನಾ ಒಬ್ಬ ಹೆಂಗಸಿನ ಮುನ್ಸಪ್ಪಳ ಬರುತ್ತದೆ. ಅಂದರೆ ಅಲ್ಲಿ ಯಾರೋ ಇದ್ದಾಳೆ, ಅವಳ ಆಸೆ ಮೊದಲು ಬಂದಿದೆ, ಅವಳು ಹಿಂದಿನಿಂದ ಬರುತ್ತಾಳೆ. ಎಷ್ಟು ನೀಟಾಗಿ ಲೆಕ್ಕ ಕೂಡಿತು ಎಂದರೆ ಮೂರು ದಿನ ಶಾಲೆಯ ಮಕ್ಕಳಿಗೆ ಉಪ್ಪಿಲ್ಲದ ಸೂಪು ಹಾಕಿದೆ. ತಮಾಷೆಗೆ ಬರೆದ ಸವತಿ ಎಂಬ ಮಾತು ಎದೆಯಲ್ಲಿ ಮುಳ್ಳಾಗಿ ಆಡುತ್ತಿತ್ತು.

ನಿನ್ನೆ ಶನಿವಾರ ಸೌನಾ ಕಾಯಿಸಿದ್ದೆ. ಅತ್ತೆ ಮೊದಲು ಹೋಗಿ ಬಂದರು, ಆಮೇಲೆ ನಾವಿಬ್ಬರೂ ಹೋದೆವು. ನಮ್ಮವರ ಬಾಯಿ ಬಿಡಿಸಲು ಆ ಬಿಸಿ ಕೋಣೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ, ಕತ್ತಲೆ, ಮೈಮೇಲೆ ಬಟ್ಟೆಯಿಲ್ಲ, ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಕಾದ ಕಲ್ಲಿನ ಮೇಲೆ ನಾನು ನೀರು ಎರಚಿದೆ, ಹಬೆ ಏರಿತು. ಇನ್ನೊಂದು ಸಲ ಎರಚಿದೆ. ಅವನು ಸಾಕು ಅಂದ. ನಾನು ಮೂರನೆಯ ಸಲ ಎರಚಿ, "ಅಲ್ಲಿ ಯಾರಿದ್ಲು?" ಎಂದು ಕೇಳಿದೆ.

"ಎಲ್ಲಿ?"

"ನಾಟಕ ಆಡ್ಬೇಡ. ನಿಮ್ಮಮ್ಮನೇ ಹೇಳಿದಾರೆ, ಅದು ಹೆಂಗಸಿನ ಹೆಜ್ಜೆ ಅಂತ. ದಿನಾ ಚಪ್ಪಲಿ ಬಿಟ್ಟು ಬಾಗ್ಲಲ್ಲಿ ನಿಂತ್ಕೊಳ್ಳೋಳು ಯಾರು?"

ನಾನು ಬೇರೆ ಹೆಣ್ಣಿನ ಹೆಸರಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಕೂತಿದ್ದೆ. ಕೊನೆಗೆ ಅವನು, "ನಿನಗೂ ಕೇಳುತ್ತಾ?" ಅಂದ. ಈ ಆರು ತಿಂಗಳೂ ತನಗೊಬ್ಬನಿಗೇ ಕೇಳುತ್ತಿದೆ ಎಂದುಕೊಂಡಿದ್ದನಂತೆ. ನಾವು ಮೂವರು ಒಂದೇ ಮೇಜಿನ ಸುತ್ತ ಕೂತು, ಅವನು ನಮಗೆ ಹೇಳದೆ, ನಾವು ಅವನಿಗೆ ಹೇಳದೆ, ಅದೇ ಹೆಜ್ಜೆ ಕೇಳುತ್ತಿದ್ದೆವು. ನಾನು ಕಾಫಿಗಿಡುತ್ತಿದ್ದುದು ಸಂಜೆಯ ಕಾಫಿ ಎಂದೇ ಅವನು ತಿಳಿದಿದ್ದ.

ಆಮೇಲೆ ಅವನು ಹೇಳಿದ್ದನ್ನು ಅವನ ಮಾತಲ್ಲೇ ಬರೆಯುತ್ತೇನೆ. ನನ್ನ ಮಾತು ಸೇರಿಸಲು ಕೈ ಬರುವುದಿಲ್ಲ.

"ಅವತ್ತು ಮಧ್ಯಾಹ್ನದಿಂದ ಗುಡ್ಡದ ಆಚೆ ಫಿರಂಗಿ ಷೆಲ್ ಬೀಳ್ತಾ ಇತ್ತು. ಎಲ್ಲ ಬಂಕರಿಗೆ ಹೋಗಿದ್ರು, ಗೇಟ್ ಕಾವಲು ನಂದು. ಷೆಲ್ ಬೀಳೋವಾಗ ಗೇಟ್ ತೆಗೀಬಾರ್ದು ಅಂತ ಆರ್ಡರ್. ಉಮ್ ಸಲೀಂ ಬರೋ ಹೊತ್ತು ಇನ್ನೂ ಆಗಿರ್ಲಿಲ್ಲ. ಚಪ್ಪಲಿ ಸದ್ದು ಕೇಳ್ತು. ಕಲ್ಲು ದಾರೀಲಿ ಮೇಲಕ್ಕೆ ಬಂತು, ಗೇಟ್ ಹತ್ರ ನಿಂತು ಬಿಡ್ತು, ಒಂದು, ಆಮೇಲೆ ಇನ್ನೊಂದು. ತಗಡನ್ನ ಅಂಗೈಲಿ ತಟ್ಟಿದ ಹಾಗಾಯ್ತು. ನಾನು ಕಿಂಡೀಲಿ ನೋಡ್ದೆ ಇರ್ಯಾ, ಯಾರೂ ಕಾಣ್ಲಿಲ್ಲ. ದಾರಿ ಖಾಲಿ. ಸದ್ದಿದೆ, ಆಳಿಲ್ಲ. ನಮ್ಮೂರಲ್ಲಿ ಅದಕ್ಕೆ ಏನಂತಾರೆ ಹೇಳು."

"ಮುನ್ಸಪ್ಪಳ" ಅಂದೆ.

"ಅದೇ ಅಂದ್ಕೊಂಡೆ. ಮುದುಕಿಗೆ ಇವತ್ತೂ ಬರೋ ಮನಸ್ಸಿದೆ, ಷೆಲ್ ನಿಂತ್ಮೇಲೆ ಬರ್ತಾಳೆ, ಅದಕ್ಕೇ ಮೊದ್ಲು ಸಪ್ಪಳ ಬಂದಿದೆ ಅಂದ್ಕೊಂಡೆ. ಅಷ್ಟು ದೂರದ ದೇಶದಲ್ಲೂ ನಮ್ಮನೆ ಥರ ಆಯ್ತಲ್ಲ ಅಂತ ಖುಷೀನೂ ಆಯ್ತು. ಅಮ್ಮ ಹೇಳ್ಕೊಟ್ಟ ಹಾಗೆ ಬಾಗ್ಲು ತೆಗೀಲಿಲ್ಲ. ಕಾಫಿಗಿಟ್ಟೆ. ನಾಲ್ಕು ಸಕ್ಕರೆ ತೆಗೆದಿಟ್ಟೆ."

ಹಬೆಯಲ್ಲಿ ಅವನ ಮುಖ ಕಾಣಲಿಲ್ಲ, ದನಿ ಮಾತ್ರ ಬರುತ್ತಿತ್ತು.

"ಅವಳು ಎಷ್ಟು ಕುಳ್ಳಿ ಅಂತ ನಿನಗೆ ಬರೆದಿರ್ಲಿಲ್ಲ. ಆ ಕಿಂಡಿ ನನ್ನಂಥೋರ ಎತ್ತರಕ್ಕೆ ಮಾಡಿದ್ದು. ಗೇಟಿಗೆ ಒತ್ತಿ ನಿಂತ್ರೆ ಅವಳ ತಲೆ ಅದಕ್ಕಿಂತ ಕೆಳಗೆ. ಅವಳ ಮನೆಗೆ ಷೆಲ್ ಬಿದ್ದಿತ್ತು, ಅದಕ್ಕೇ ಓಡಿ ಬಂದಿದ್ಲು. ಕಾಫಿ ಕುದಿಯೋ ಹೊತ್ತಿಗೆ ದಾರೀಲಿ ಒಂದು ಷೆಲ್ ಬಿತ್ತು. ತಟ್ಟಿ ತಟ್ಟಿ ವಾಪಸ್ ಹೊರಟಿದ್ಲು ಅಂತ ಕಾಣುತ್ತೆ. ಬರಿಗಾಲಲ್ಲಿ. ಚಪ್ಪಲಿ ಗೇಟ್ ಹತ್ರಾನೇ ಇತ್ತು, ಜೋಡಿಸಿಟ್ಟಿದ್ಲು. ಅದಕ್ಕೆ ಏನೂ ಆಗಿರ್ಲಿಲ್ಲ."

ವಿಚಾರಣೆ ಆಯಿತಂತೆ. ಅಧಿಕಾರಿ ನಮ್ಮ ದೇಶದ ದಕ್ಷಿಣದ ಕಡೆಯವನು, ಮುನ್ಸಪ್ಪಳ ಗೊತ್ತಿಲ್ಲದವನು. ಸದ್ದು ಕೇಳಿಸಿತೇ ಎಂದು ಕೇಳಿದ, ಕೇಳಿಸಿತು ಅಂದ ಇವನು. ಯಾಕೆ ತೆಗೆಯಲಿಲ್ಲ ಎಂದು ಕೇಳಿದ. ಇವನು ಏನು ಹೇಳಬೇಕು? ಆರ್ಡರ್ ಇತ್ತು ಅಂದ. ಸರಿಯಾಗಿ ಮಾಡಿದೆ ಎಂದು ಬೆನ್ನು ತಟ್ಟಿ ಕಳಿಸಿದರು. ಇವನನ್ನು ತಪ್ಪುಗಾರ ಎನ್ನಲು ನಮ್ಮ ಸೀಮೆಯವರು ಯಾರೂ ಅಲ್ಲಿರಲಿಲ್ಲ. ಇದ್ದಿದ್ದರೆ ಅವರೂ ಕಾಫಿಗೇ ಇಡುತ್ತಿದ್ದರು.

"ಅಲ್ಲಿಗೆ ಹೋಗಿ ಒಂದ್ಸಲ ಆ ಗೇಟ್ ತೆಗೀಬೇಕು ಕಣೆ" ಅಂದ. "ಅದಕ್ಕೇ ಹೋಗ್ತೀನಿ ಅಂದಿದ್ದು. ಬೇರೆ ಏನಿಲ್ಲ."

ಅಕ್ಕಾ, ನನಗೆ ಅಳು ಬಂತು, ಅಳುತ್ತಲೇ ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಲೈನ್‌ಮನ್ ಸಿಕ್ಕಿದ್ದು ಅವರಿಗೆ ಲಾಭವೇ, ಹಳ್ಳಿಗೆ ಕರೆಂಟ್ ಬಂತು. ಆದರೆ ಮನುಷ್ಯನನ್ನು ಕರೆದುಕೊಂಡು ಹೋಗುವಾಗ ಅವನ ಕಸುಬಿನ ಜೊತೆಗೆ ಅವನ ಅಮ್ಮ ಹೇಳಿಕೊಟ್ಟಿದ್ದೂ ಹೋಗುತ್ತದೆ, ಅದನ್ನು ಯಾರೂ ಕ್ಯಾಂಪಿನಲ್ಲಿ ಬಿಚ್ಚಿ ಇಟ್ಟು ಹೋಗುವುದಿಲ್ಲ. ನಾನು ಅವನ ಒದ್ದೆ ಕೈ ಹಿಡಿದುಕೊಂಡು, "ನೀನು ಅಲ್ಲಿಗೆ ಹೋಗಿ ಯಾರಿಗೆ ಗೇಟ್ ತೆಗೀತೀಯ? ಅವಳು ಅಲ್ಲಿಲ್ಲ. ಅಷ್ಟು ದೂರದಿಂದ ಬಂದು, ಚಪ್ಪಲಿ ಬಿಟ್ಟು ನಮ್ಮ ಬಾಗ್ಲಲ್ಲಿ ನಿಂತಿದಾಳೆ" ಅಂದೆ. ಅವನು ಕೈ ಬಿಡಿಸಿಕೊಂಡು ಎದ್ದ. ಹೊರಗೆ ಹೋಗಿ ಹಿಮದಲ್ಲಿ ಬಹಳ ಹೊತ್ತು ನಿಂತಿದ್ದ.

ಇವತ್ತು ಬೆಳಿಗ್ಗೆ ಅತ್ತೆಗೆ ಎಲ್ಲ ಹೇಳಿದೆ, ಕಿವಿಯ ಹತ್ತಿರ ಬಾಯಿಟ್ಟು. ಸಪ್ಪಳಕ್ಕೆ ಬಾಗಿಲು ತೆಗೆಯುವುದೇ ಸರಿ ಎಂದು ನನಗನ್ನಿಸುತ್ತದೆ ಅಂದೆ. ಅವರು ಸಿಡುಕಿದರು. ಅವರ ಅಜ್ಜಿಯ ಕಾಲದಿಂದ ಯಾರೂ ತೆಗೆದಿಲ್ಲ, ತೆಗೆದರೆ ಏನು ಒಳಗೆ ಬರುತ್ತದೋ ಯಾರಿಗೆ ಗೊತ್ತು ಎಂದರು. ಆಮೇಲೆ ಮಧ್ಯಾಹ್ನದ ತನಕ ಹೆಣೆಯುತ್ತಾ ಕೂತರು. "ಚಪ್ಪಲಿ ಬಿಟ್ಟು ಒಳಗೆ ಬರೋಳಾ?" ಎಂದು ಒಮ್ಮೆ ಕೇಳಿದರು. ಹೌದು ಅಂದೆ. "ಒಳ್ಳೆ ಮನೆ ಹೆಣ್ಣು" ಎಂದರು.

ಇಲ್ಲಿಯ ತನಕ ಬರೆದು ಪೆನ್ನು ಕೆಳಗಿಟ್ಟಿದ್ದೆ. ಈಗ ಆಗಿದ್ದನ್ನು ಕೈ ಬಿಸಿಯಿರುವಾಗಲೇ ಬರೆಯುತ್ತೇನೆ. ರೇಡಿಯೊದಲ್ಲಿ ವಾರ್ತೆ ಮುಗಿಯಿತು. ಸಪ್ಪಳ ಬಂತು, ಕಲ್ಲಿನ ಮೇಲೆ ನಡೆದ ಹಾಗೆ. ಬಾಗಿಲ ಮುಂದೆ ನಿಂತಿತು. ಒಂದು ಚಪ್ಪಲಿ, ಆಮೇಲೆ ಇನ್ನೊಂದು. ನಾನು ಕಾಫಿ ಪಾತ್ರೆಗೆ ಕೈ ಹಾಕಲಿಲ್ಲ. ಎನ್ಸಿಯೊ ಎದ್ದ. ಹಿಂಬಾಗಿಲಿಗೆ ಹೋಗುತ್ತಾನೆ ಎಂದುಕೊಂಡೆ. ಮುಂಬಾಗಿಲಿಗೆ ಹೋದ.

ಬಾಗಿಲು ತೆಗೆದ. ಹೊರಗೆ ಹಿಮ, ದೀಪದ ಬೆಳಕು, ಯಾರ ಹೆಜ್ಜೆಗುರುತೂ ಇಲ್ಲ. ಅವನು ಆ ದೇಶದ ಒಂದು ಮಾತು ಹೇಳಿದ. ಒಳಗೆ ಬನ್ನಿ ಎಂದು ಅದರ ಅರ್ಥವಂತೆ. ಆಮೇಲೆ ಕೂಡಲೇ ಬಾಗಿಲು ಹಾಕಲಿಲ್ಲ. ಮೊಣಕಾಲು ನೋಯುವ ಕುಳ್ಳ ಮುದುಕಿಯೊಬ್ಬಳು ಎತ್ತರದ ಹೊಸಿಲು ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಾಗಿಲನ್ನು ಹಿಡಿದುಕೊಂಡು ನಿಂತ. ತಣ್ಣಗಿನ ಗಾಳಿ ನನ್ನ ಕಾಲಿನ ಪಕ್ಕದಿಂದ ಒಲೆಯ ಕಡೆಗೆ ಹೋಯಿತು. ನಾಯಿ ಗೋಡೆಗೆ ಸರಿದು ನಿಂತಿತು. ಅತ್ತೆ ತಮ್ಮ ಬೆಂಚಿನಿಂದ ಎದ್ದು, ಅಂಗೈಯಿಂದ ಹಲಗೆ ಒರೆಸಿ, ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಮೂವತ್ತು ವರ್ಷದಿಂದ ಆ ಜಾಗವನ್ನು ಅವರು ಪಾದ್ರಿಗೂ ಬಿಟ್ಟುಕೊಟ್ಟಿರಲಿಲ್ಲ.

ಕಾಫಿಗಿಟ್ಟವನು ಎನ್ಸಿಯೊ. ನಾಲ್ಕು ಬಟ್ಟಲು ಇಟ್ಟ, ಒಂದಕ್ಕೆ ನಾಲ್ಕು ಸಕ್ಕರೆ ಹಾಕಿ ಬೆಂಚಿನ ತುದಿಯಲ್ಲಿಟ್ಟ. ತನ್ನದನ್ನು ಎರಡೂ ಕೈಯಲ್ಲಿ ಹಿಡಿದು ಕೂತ, ಕುಡಿಯಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ. ಈಗಲೂ ಹಾಗೇ ಕೂತಿದ್ದಾನೆ. ನನಗೆ ಭಯವಾಗುತ್ತಿದೆ ಅಕ್ಕಾ, ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ಬೆಟ್ಟದ ಸೊಪ್ಪಿನಂಥ ಒಂದು ವಾಸನೆ ಇದೆ, ನಮ್ಮಲ್ಲಿ ಅಂಥ ಸೊಪ್ಪು ಬೆಳೆಯುವುದಿಲ್ಲ. ನಾಳೆ ಅವನು ಫೋನಿನಲ್ಲಿ ಏನು ಹೇಳುತ್ತಾನೋ ನನಗೆ ಗೊತ್ತಿಲ್ಲ.

ನಿನ್ನ ಮಗಳು ಬರ್ಗಿಟ್‌ಗೆ, ಭಾವನಿಗೆ ನನ್ನ ನೆನಪು ಹೇಳು. ಭಾವನಿಗೆ ಈ ಕಾಗದ ತೋರಿಸಬೇಡ.

ನಿನ್ನ ತಂಗಿ,
ಇರ್ಯಾ

ತಾ. ಕ.: ಹಿಮಗಾಳಿಯಿಂದ ಇವತ್ತು ಅಂಚೆಯ ಗಾಡಿ ಬರಲಿಲ್ಲ, ಹಾಗಾಗಿ ಸೋಮವಾರದ್ದನ್ನೂ ಸೇರಿಸುತ್ತೇನೆ. ಹಿಮದ ಭಾರಕ್ಕೆ ಕೆರೆಯಾಚೆ ಕರೆಂಟ್ ತಂತಿಗಳು ಹರಿದು, ಬೆಳಿಗ್ಗೆ ಕಂಪನಿಯವರು ಸಿಕ್ಕವರನ್ನೆಲ್ಲ ಕರೆದರು. ಎನ್ಸಿಯೊ ಮೊಳೆಯಿಂದ ಕೊಕ್ಕೆಗಳನ್ನು ತೆಗೆದು, ತುಕ್ಕು ಉಜ್ಜಿ, ಹೆಗಲಿಗೆ ಹಾಕಿಕೊಂಡು ಹೋದ. ಮಧ್ಯಾಹ್ನ ಬಾಗಿಲ ಹೊರಗೆ ಠಣ್ ಎಂದಿತು, ಕಂಬಕ್ಕೆ ಎರಡು ಒದೆ ಬಿತ್ತು. ನಾಯಿ ಬಾಲ ಅಲ್ಲಾಡಿಸುತ್ತಾ ಓಡಿತು. ಕಿಟಕಿಯಲ್ಲಿ ನೋಡಿದೆ, ಮೊಳೆ ಖಾಲಿ, ಮೆಟ್ಟಿಲು ಖಾಲಿ. ಕಾಫಿಗಿಟ್ಟೆ. ಗಸಿ ಕೂರುವ ಹೊತ್ತಿಗೆ ಬಂದ, ಎರಡು ಬಟ್ಟಲು ಕುಡಿದ, ಆಮೇಲೆ ಫೋನಿನ ಹತ್ತಿರ ಹೋಗಿ ಮೀಸಲು ಕಚೇರಿಗೆ ಹಚ್ಚಿದ. "ಇಲ್ಲ ಸರ್, ಬರಕ್ಕಾಗಲ್ಲ. ಮನೇಲಿ ನೆಂಟರಿದ್ದಾರೆ" ಅಂದ. ಆ ಕಡೆಯವನು ಎಷ್ಟು ದಿನ ಇರುತ್ತಾರೆ ಎಂದು ಕೇಳಿರಬೇಕು. ಎನ್ಸಿಯೊ ಒಲೆಯ ಪಕ್ಕದ ಬೆಂಚಿನ ಕಡೆ ತಿರುಗಿ ನೋಡಿ, ದನಿ ತಗ್ಗಿಸಿ, "ಹೇಗೆ ಕೇಳೋದು ಸರ್, ವಯಸ್ಸಾದೋರು, ದೂರದಿಂದ ಬಂದಿದ್ದಾರೆ" ಅಂದ.